ಎ.ಸಿ.ಯ ಬೆಲೆ: ಅಂಗಡಿಯಲ್ಲಿ ಎಷ್ಟು, ಮಾಳಿಗೆಯ ಮೇಲೆ ಎಷ್ಟು?

ಕಲಬುರಗಿಯ ಮೇ ತಿಂಗಳು. ಹಗಲಿನ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಇಳಿದಿದೆ. ರಾತ್ರಿ ಹತ್ತು ಗಂಟೆಗೆ ಹೊರಗೆ ತುಸು ಗಾಳಿ ಆಡುತ್ತಿದ್ದರೂ ನಿಮ್ಮ ಮಲಗುವ ಕೋಣೆಯೊಳಗೆ ಕಾಲಿಟ್ಟರೆ ಒಲೆಯ ಪಕ್ಕ ನಿಂತಂತಾಗುತ್ತದೆ. ಫ್ಯಾನು ತಿರುಗುತ್ತಿದೆ, ಆದರೆ ಅದು ಬಿಸಿ ಗಾಳಿಯನ್ನೇ ಕೆಳಕ್ಕೆ ತಳ್ಳುತ್ತಿದೆ. ಈ ವರ್ಷ ಎ.ಸಿ. ಹಾಕಿಸಿಯೇ ಬಿಡೋಣ ಎಂದು ನೀವು ನಿರ್ಧರಿಸುವುದು ಇಂಥ ರಾತ್ರಿಯಲ್ಲೇ. ಅಂಗಡಿಗೆ ಹೋಗಿ ಮೊದಲು ಕೇಳುವ ಪ್ರಶ್ನೆ, 'ಎಷ್ಟಾಗುತ್ತದೆ?' ಎಂಬುದು. ಅಂಗಡಿಯವರು ಹೇಳುವ ಉತ್ತರ ಸುಳ್ಳಲ್ಲ, ಆದರೆ ಅಪೂರ್ಣ. ಪೂರ್ಣ ಉತ್ತರಕ್ಕೆ ಒಂದಿಷ್ಟು ಲೆಕ್ಕ ಬೇಕು.

ಟನ್ ಎಂದರೇನು?

ಎ.ಸಿ. ತಂಪನ್ನು 'ತಯಾರಿಸುವುದಿಲ್ಲ'. ಕೋಣೆಯ ಒಳಗಿನ ಉಷ್ಣವನ್ನು ಹೀರಿ ಹೊರಗೆ ಸಾಗಿಸುತ್ತದೆ, ಅಷ್ಟೆ. ಬಾವಿಯ ನೀರನ್ನು ಮೇಲೆತ್ತುವ ಪಂಪಿನಂತೆ ಇದು ಉಷ್ಣದ ಪಂಪು. ಅದರ ಸಾಮರ್ಥ್ಯವನ್ನು ಟನ್ನುಗಳಲ್ಲಿ ಹೇಳುವುದು ಮಂಜುಗಡ್ಡೆಯ ಕಾಲದ ರೂಢಿ. ಒಂದು ಟನ್ (ಇಲ್ಲಿ 907 ಕಿಲೋಗ್ರಾಂ) ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರಿಕೊಳ್ಳುವಷ್ಟು ಉಷ್ಣವನ್ನು ತೆಗೆಯುವ ಯಂತ್ರ 1 ಟನ್ನಿನದು. ಈಗಿನ ಮಾನದಲ್ಲಿ ಇದು ಸುಮಾರು 3.5 ಕಿಲೋವ್ಯಾಟ್. ಹಾಗಾಗಿ ಎಷ್ಟು ಟನ್ ಬೇಕು ಎಂಬುದನ್ನು ತೀರ್ಮಾನಿಸುವುದು ಕೋಣೆಯ ಅಳತೆ ಮಾತ್ರವಲ್ಲ. ಕೋಣೆಯೊಳಗೆ ಎಷ್ಟು ಉಷ್ಣ ನುಗ್ಗುತ್ತಿದೆ ಎಂಬುದು.

ಉಷ್ಣ ಬರುವ ದಾರಿ

ನಿಮ್ಮದು 10 ಅಡಿ ಅಗಲ, 12 ಅಡಿ ಉದ್ದದ, ಮೇಲೆ ಮತ್ತೊಂದು ಮಹಡಿ ಇಲ್ಲದ ಕೋಣೆ ಎಂದಿಟ್ಟುಕೊಳ್ಳೋಣ. ತಾರಸಿಯ ವಿಸ್ತೀರ್ಣ ಸುಮಾರು 11 ಚದರ ಮೀಟರ್. ಕಡುಬಿಸಿಲಿನಲ್ಲಿ ಬರಿಯ ಕಾಂಕ್ರೀಟಿನ ಮೇಲ್ಮೈ 60 ಡಿಗ್ರಿಯವರೆಗೂ ಕಾಯುತ್ತದೆ. ಒಳಗೆ ನಿಮಗೆ ಬೇಕಾದದ್ದು 26 ಡಿಗ್ರಿ. ವ್ಯತ್ಯಾಸ 34 ಡಿಗ್ರಿ. ಆರು ಅಂಗುಲದ ಕಾಂಕ್ರೀಟು ಪ್ರತಿ ಚದರ ಮೀಟರಿನಲ್ಲಿ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 4 ವ್ಯಾಟ್ ಉಷ್ಣವನ್ನು ಒಳಗೆ ಬಿಡುತ್ತದೆ. ಗುಣಿಸಿ ನೋಡಿ: ಸುಮಾರು 1,500 ವ್ಯಾಟ್. ತಲೆಯ ಮೇಲೆ ಒಂದು ಇಸ್ತ್ರಿಪೆಟ್ಟಿಗೆಯನ್ನು ಸದಾ ಉರಿಸಿಟ್ಟಂತೆ!

ಗೋಡೆ, ಕಿಟಕಿಗಳಿಂದ 1,000 ವ್ಯಾಟ್, ಸಂದುಗಳಲ್ಲಿ ನುಸುಳುವ ಗಾಳಿಯಿಂದ 400, ಇಬ್ಬರ ಮೈಯಿಂದ 200, ದೀಪ ಮತ್ತು ಫ್ಯಾನಿನಿಂದ 100 ಎಂದು ಹಿಡಿದರೆ ಒಟ್ಟು 3,200 ವ್ಯಾಟ್. ಇದರಲ್ಲಿ ಹೆಚ್ಚುಕಡಿಮೆ ಅರ್ಧಪಾಲು ತಾರಸಿಯದೇ. ಹೊರಗಿನ ಬಿಸಿ ಏರಿದಷ್ಟೂ ಎ.ಸಿ.ಯ ಸಾಮರ್ಥ್ಯ ತುಸು ಕುಗ್ಗುತ್ತದೆ. ಆದ್ದರಿಂದ ಅಂಗಡಿಯವರು 1.5 ಟನ್ನಿನದನ್ನು ತೋರಿಸಿದರೆ ಅದು ಮೋಸವಲ್ಲ.

ರಾತ್ರಿಯೂ ಈ ಕಾಟ ಏಕೆ? ಕಾಂಕ್ರೀಟಿನ ಮೇಲ್ಮೈಯಲ್ಲಿ ಬಿದ್ದ ಉಷ್ಣ ಅದನ್ನು ದಾಟಿ ಒಳಮೈ ತಲುಪಲು ಕೆಲವು ಗಂಟೆಗಳು ಬೇಕು. ಮಧ್ಯಾಹ್ನದ ಬಿಸಿಲು ನಿಮಗೆ ತಲುಪುವುದು ಊಟದ ಹೊತ್ತಿಗೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಚಾವಣಿ ಬಹಳ ದಪ್ಪ. ಉಷ್ಣ ಅದರಲ್ಲಿ ಇಳಿಯುವಷ್ಟರಲ್ಲಿ ರಾತ್ರಿ ತಂಪಾಗಿ, ಬಂದ ದಾರಿಯಲ್ಲೇ ಬಹುಪಾಲು ಹೊರಟುಹೋಗುತ್ತಿತ್ತು.

ತಾರಸಿಗೆ ಬಿಳಿ ಬಣ್ಣ

ಅದೇ ತಾರಸಿಗೆ ಬಿಳಿ ಸುಣ್ಣವನ್ನೋ ಬಿಸಿಲನ್ನು ಪ್ರತಿಫಲಿಸುವ ಬಿಳಿ ಬಣ್ಣವನ್ನೋ ಬಳಿದರೆ ಮೇಲ್ಮೈ ಉಷ್ಣತೆ 45 ಡಿಗ್ರಿಯ ಆಸುಪಾಸಿಗೆ ಇಳಿಯಬಲ್ಲದು. ಈಗ ವ್ಯತ್ಯಾಸ 19 ಡಿಗ್ರಿ. ಒಳಬರುವ ಉಷ್ಣ ಸುಮಾರು 840 ವ್ಯಾಟ್. ಒಟ್ಟು ಹೊರೆ 2,500 ವ್ಯಾಟಿಗೆ ಇಳಿಯಿತು. ಇಷ್ಟಕ್ಕೆ 1 ಟನ್ನಿನ ಯಂತ್ರ ಸಾಕು. ಸುಣ್ಣವನ್ನು ಪ್ರತಿ ಬೇಸಗೆಗೂ ಹೊಸದಾಗಿ ಬಳಿಯಬೇಕು, ಧೂಳು ಕುಳಿತರೆ ತೊಳೆಯಬೇಕು ಎಂಬುದು ನೆನಪಿರಲಿ. ಕರೆಂಟು ಹೋದಾಗ ಎ.ಸಿ. ನಿಲ್ಲುತ್ತದೆ, ಸುಣ್ಣ ತನ್ನ ಕೆಲಸ ನಿಲ್ಲಿಸುವುದಿಲ್ಲ.

ಬಿಲ್ಲಿನ ಲೆಕ್ಕ

ಎ.ಸಿ.ಯ ಮೇಲಿನ ನಕ್ಷತ್ರಗಳ ಚೀಟಿಯಲ್ಲಿ ಐ.ಎಸ್.ಇ.ಇ.ಆರ್. ಎಂಬ ಅಂಕಿ ಇರುತ್ತದೆ. ಒಂದು ಯೂನಿಟ್ ವಿದ್ಯುತ್ತಿನಿಂದ ಯಂತ್ರ ಎಷ್ಟು ಯೂನಿಟ್ ಉಷ್ಣವನ್ನು ಹೊರಹಾಕುತ್ತದೆ ಎಂಬುದರ ವರ್ಷದ ಸರಾಸರಿ ಅದು. ನಕ್ಷತ್ರಗಳ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. ಆದ್ದರಿಂದ ನಕ್ಷತ್ರ ಎಣಿಸುವುದಕ್ಕಿಂತ ಈ ಅಂಕಿಯನ್ನು ಓದುವುದು ಮೇಲು.

ಎರಡು ಯಂತ್ರಗಳನ್ನು ಹೋಲಿಸೋಣ: ಒಂದರ ಅಂಕಿ 3.8, ಇನ್ನೊಂದರದು 5. ಕಡುಬೇಸಗೆಯಲ್ಲಿ ದಿನಕ್ಕೆ 8 ಗಂಟೆ, ಸರಾಸರಿ 3 ಕಿಲೋವ್ಯಾಟ್ ಉಷ್ಣ ತೆಗೆಯಬೇಕು ಎಂದರೆ ದಿನಕ್ಕೆ 24 ಯೂನಿಟ್ ಉಷ್ಣ. ಮೊದಲ ಯಂತ್ರ ತಿಂಗಳಿಗೆ ಸುಮಾರು 190 ಯೂನಿಟ್ ವಿದ್ಯುತ್ ತಿನ್ನುತ್ತದೆ, ಎರಡನೆಯದು 144. ಬಿಳಿ ತಾರಸಿಯಿಂದ ಸರಾಸರಿ ಹೊರೆ 2.4 ಕಿಲೋವ್ಯಾಟಿಗೆ ಇಳಿದರೆ ಇವು ಕ್ರಮವಾಗಿ 152 ಮತ್ತು 115 ಆಗುತ್ತವೆ.

ಮನೆಯ ಉಳಿದ ಬಳಕೆ ತಿಂಗಳಿಗೆ 70 ಯೂನಿಟ್ ಇರಲಿ. ಆಗ ಒಟ್ಟು ಬಳಕೆ:

ಬರಿ ತಾರಸಿ, 3.8ರ ಯಂತ್ರ: 260 ಯೂನಿಟ್
ಬಿಳಿ ತಾರಸಿ, 3.8ರ ಯಂತ್ರ: 222 ಯೂನಿಟ್
ಬರಿ ತಾರಸಿ, 5ರ ಯಂತ್ರ: 214 ಯೂನಿಟ್
ಬಿಳಿ ತಾರಸಿ, 5ರ ಯಂತ್ರ: 185 ಯೂನಿಟ್

ಕರ್ನಾಟಕದ ಮನೆಗಳಿಗೆ ಇಲ್ಲೊಂದು ಮುಖ್ಯ ಗೆರೆ ಇದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ನಿಯಮದಂತೆ, ಹಿಂದಿನ ಸರಾಸರಿ ಬಳಕೆ ಮತ್ತು ಅದರ ಶೇಕಡಾ 10ರಷ್ಟು ಹೆಚ್ಚುವರಿ ಉಚಿತ. ಅದನ್ನು ಮೀರಿದರೂ 200 ಯೂನಿಟ್ ಒಳಗಿದ್ದರೆ ಮೀರಿದ್ದಕ್ಕಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಲೆಕ್ಕದ ಅನುಕೂಲಕ್ಕೆ ಯೂನಿಟ್ಟಿಗೆ 6 ರೂ. ಹಿಡಿಯೋಣ. ಹಿಂದಿನ ಸರಾಸರಿ 70 ಇದ್ದ ಮನೆಗೆ 77 ಯೂನಿಟ್ ಉಚಿತ. ಬಳಕೆ 185 ಆದರೆ ಕಟ್ಟಬೇಕಾದದ್ದು 108 ಯೂನಿಟ್ಟಿಗೆ, ಅಂದರೆ 648 ರೂ. ಬಳಕೆ 260 ಆದರೆ 1,560 ರೂ. ಯೂನಿಟ್ಟಿನಲ್ಲಿ ವ್ಯತ್ಯಾಸ 75 ಮಾತ್ರ. ಹಣದಲ್ಲಿ 912 ರೂ. ಒಳ್ಳೆಯ ಯಂತ್ರವೊಂದರಿಂದಲೋ ಸುಣ್ಣವೊಂದರಿಂದಲೋ ಈ ಗೆರೆಯೊಳಗೆ ಬರಲಾಗಲಿಲ್ಲ, ಎರಡೂ ಸೇರಿದಾಗ ಬಂದೆವು ಎಂಬುದನ್ನು ಗಮನಿಸಿ.

ಜೋಡಿಸುವ ಖರ್ಚು

ಯಂತ್ರದ ಬೆಲೆಯ ಜೊತೆಗೆ ಇವನ್ನೂ ವಿಚಾರಿಸಿ: ತಾಮ್ರದ ಕೊಳವೆ ಎಷ್ಟು ಮೀಟರ್ ಸೇರಿದೆ, ಹೊರಘಟಕದ ಕಬ್ಬಿಣದ ಸ್ಟ್ಯಾಂಡು, ನೀರು ಹೋಗುವ ಕೊಳವೆ, ಅಗತ್ಯವಿದ್ದರೆ ಸ್ಟೆಬಿಲೈಜರ್. ಹಳೆಯ ಮನೆಯಾದರೆ ಎ.ಸಿ.ಗೆಂದೇ ಪ್ರತ್ಯೇಕ ವಯರು, ಅದಕ್ಕೆ ತಕ್ಕ ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಬೇಕು. ದೀಪದ ಸಾಲಿನಿಂದ ಎಳೆದ ತೆಳ್ಳನೆಯ ವಯರು ಕಾದು ಬೆಂಕಿಗೆ ಕಾರಣವಾಗಬಹುದು; ಇಲ್ಲಿ ಉಳಿತಾಯ ಮಾಡಬೇಡಿ. ಮನೆಗೆ ಮಂಜೂರಾದ ವಿದ್ಯುತ್ ಹೊರೆ 1 ಕಿಲೋವ್ಯಾಟ್ ಇದ್ದರೆ ಅದನ್ನು ಏರಿಸಿಕೊಳ್ಳಬೇಕು. ಪ್ರತಿ ಕಿಲೋವ್ಯಾಟಿಗೂ ತಿಂಗಳ ನಿಗದಿತ ಶುಲ್ಕವಿದೆ.

ಜೋಡಿಸಲು ಬಂದವರು ಅನಿಲವನ್ನು ಬಿಡುವ ಮೊದಲು ವ್ಯಾಕ್ಯೂಮ್ ಪಂಪಿನಿಂದ ಕೊಳವೆಯೊಳಗಿನ ಗಾಳಿ ಮತ್ತು ತೇವವನ್ನು ತೆಗೆಯುವಂತೆ ಹೇಳಿ. ತೇವ ಉಳಿದರೆ ಕಂಪ್ರೆಸರಿನ ಆಯುಷ್ಯ ಕುಗ್ಗುತ್ತದೆ. ಹೊರಘಟಕವನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಿಸಿ.

ಕೂಲರ್ ಸಾಲದೆ?

ಒಣಹವೆಯ ಊರಿನವರು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. 40 ಡಿಗ್ರಿ ಉಷ್ಣತೆ, ಶೇಕಡಾ 20 ಆರ್ದ್ರತೆ ಇದ್ದಾಗ ಒಳ್ಳೆಯ ಕೂಲರ್ ಬೀಸುವ ಗಾಳಿ 26 ಡಿಗ್ರಿಯ ಆಸುಪಾಸು ಇರುತ್ತದೆ. ತಿನ್ನುವ ವಿದ್ಯುತ್ತೂ ಬಹಳ ಕಡಿಮೆ. ಆದರೆ ಅದಕ್ಕೆ ತೆರೆದ ಕಿಟಕಿ ಬೇಕು, ಬೇಸಗೆಯಲ್ಲಿ ನೀರೂ ಬೇಕು. ಹವೆಯಲ್ಲೇ ತೇವ ತುಂಬಿರುವ ಮಂಗಳೂರಿನಲ್ಲಿ ಕೂಲರಿನಿಂದ ಹೆಚ್ಚು ಪ್ರಯೋಜನವಿಲ್ಲ.

ಎ.ಸಿ.ಯೇ ಬೇಕೆಂದಾದರೆ ಹಣವನ್ನು ಈ ಕ್ರಮದಲ್ಲಿ ವೆಚ್ಚ ಮಾಡಿ: ಮೊದಲು ತಾರಸಿಗೆ, ಬಿಸಿಲು ಬೀಳುವ ಕಿಟಕಿಯ ಹೊರಗಿನ ನೆರಳಿಗೆ, ಬಾಗಿಲ ಸಂದುಗಳಿಗೆ, ಆಮೇಲೆ ವಯರಿಗೆ, ಕೊನೆಗೆ ಯಂತ್ರಕ್ಕೆ. ಯಂತ್ರ ಬಂದ ಮೇಲೆ ಅದನ್ನು 26 ಡಿಗ್ರಿಗಿಟ್ಟು ಫ್ಯಾನನ್ನೂ ನಿಧಾನವಾಗಿ ತಿರುಗಲು ಬಿಡಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಇಂಧನ ದಕ್ಷತೆಯ ಬ್ಯೂರೋ. ಇಂದು ಸಂಜೆ ಒಮ್ಮೆ ಕುರ್ಚಿ ಹತ್ತಿ ಚಾವಣಿಯನ್ನು ಅಂಗೈಯಿಂದ ಮುಟ್ಟಿ ನೋಡಿ. ಕೈಗೆ ತಾಗುವ ಆ ಬಿಸಿಯೇ ನಿಮ್ಮ ಮುಂದಿನ ಬಿಲ್ಲು.