ಮನೆ ಸೇರಿದವರ ಸುದ್ದಿ ಯಾರು ಬರೀತಾರೆ?

ಬೆಳಗ್ಗೆ ಕಾಫಿ ಲೋಟ ಹಿಡಿದು ಮೊಬೈಲ್ ತೆರೆದರೆ ಸಾಕು. ಒಂದು ಕಡೆ ಘಾಟಿ ಕುಸಿತ, ಇನ್ನೊಂದು ಕಡೆ ಕೆರೆ ಒತ್ತುವರಿ, ಮತ್ತೊಂದು ಕಡೆ ಕಾಡಾನೆ ತುಳಿತ. ಓದಿ ಮುಗಿಸುವಷ್ಟರಲ್ಲಿ ತೋಟಕ್ಕಿಳಿಯುವ ಮನಸ್ಸೇ ಇರೋದಿಲ್ಲ. "ಇಲ್ಲಿ ಏನಿದೆ ಅಂತ ಇರ್ಬೇಕಪ್ಪಾ?" ಎಂದು ಮಗ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಅದೇ ಮೊಬೈಲಿನಲ್ಲಿ. ರೋಬಸ್ಟಾ ಕೊಯ್ಲಿನ ಸಮಯ. ಆನೆ ಹಿಂಡು ನಮ್ಮ ಪಕ್ಕದಲ್ಲೇ ಇದೆ ಎಂದು ಬೆಳಗ್ಗೆ ಸಂದೇಶ ಬಂತು. ಆಳುಗಳನ್ನು ತೋಟಕ್ಕೆ ಬಿಡಲಿಲ್ಲ. "ಕೂಲಿ ಹೋಯ್ತಲ್ಲಣ್ಣ" ಎಂದರು. ಕಣದಲ್ಲಿ ಕಾಫಿ ಹರಡುವ ಕೆಲಸ ಕೊಟ್ಟೆ. ಮಧ್ಯಾಹ್ನ ನೋಡಿದರೆ ಕೆಳಗಿನ ಗದ್ದೆ ತುಂಬ ಆನೆ ಹೆಜ್ಜೆ! ಸಂಜೆ ಎಲ್ಲರೂ ಮನೆ ಸೇರಿದರು.

2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದಲ್ಲಿ ಸಾಕಾನೆ ಅರ್ಜುನ ಸತ್ತದ್ದು ನಾಡಿಗೆಲ್ಲ ಗೊತ್ತು. ಆದರೆ ಆ ಸಂಜೆ ಮನೆ ಸೇರಿದವರ ಸುದ್ದಿ ಯಾವ ಪೇಪರಿನಲ್ಲೂ ಬರಲಿಲ್ಲ.

ಈ ಉಪಾಯದ ಬೇರು ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿದೆ. ಅಲ್ಲಿ ಆನೆಗೆ ಬಲಿಯಾದವರಲ್ಲಿ ಹೆಚ್ಚಿನವರಿಗೆ ಆನೆ ಹತ್ತಿರ ಇದ್ದದ್ದೇ ಗೊತ್ತಿರಲಿಲ್ಲ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ಸಂಗಡಿಗರು ಮೊಬೈಲ್ ಸಂದೇಶ, ಕೆಂಪು ದೀಪಗಳ ಏರ್ಪಾಡು ಮಾಡಿದರು. ಸಾವು ಕಡಿಮೆಯಾಯಿತು. 2015ರಲ್ಲಿ ಆನಂದ ಕುಮಾರರಿಗೆ ವಿಟ್ಲಿ ಪ್ರಶಸ್ತಿ ಬಂತು. ಈಗ ನಮ್ಮ ಸಕಲೇಶಪುರ-ಆಲೂರು ಕಡೆಯೂ ಅರಣ್ಯ ಇಲಾಖೆ ಜತೆ ಸೇರಿ ಸಂದೇಶ, ರಸ್ತೆ ಬದಿ ಬೋರ್ಡು ಬಂದಿವೆ.

ಇದರಿಂದ ಬೆಳೆ ಉಳಿಯುತ್ತದೆಯೇ? ಇಲ್ಲ. ತುಳಿದ ಭತ್ತ ತುಳಿದದ್ದೇ. ನೆಟ್‌ವರ್ಕ್ ಸಿಗದ ಮೂಲೆಗೆ ಸಂದೇಶವೂ ಇಲ್ಲ. ಆದರೂ ಜೀವ ಉಳಿದರೆ ಗದ್ದೆ ಇನ್ನೊಮ್ಮೆ ನಾಟಿ ಮಾಡಬಹುದು.

ಕೆಟ್ಟದ್ದು ಒಂದೇ ದಿನದಲ್ಲಿ ಆಗಿಬಿಡುತ್ತೆ, ಅದಕ್ಕೇ ತಲೆಬರಹ. ಒಳ್ಳೆಯದಕ್ಕೆ ವರ್ಷಗಟ್ಟಲೆ ಬೇಕು. ಕಾಸರಗೋಡಿನ ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಣೆ ಶುರುವಾದದ್ದು ಎಪ್ಪತ್ತರ ದಶಕದಲ್ಲಿ. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆದದ್ದು 2011ರ ಮೇ ತಿಂಗಳಲ್ಲಿ. ನಡುವೆ ಊರಿನವರು ದೂರುತ್ತಲೇ ಇದ್ದರು.

ಹಾಗಾಗಿ ಸುದ್ದಿ ಓದುವಾಗ ನಾನೀಗ ಮೂರು ಪ್ರಶ್ನೆ ಕೇಳ್ತೇನೆ. ಎಲ್ಲಿ ಆಯಿತು? ಎಷ್ಟು ವರ್ಷದಿಂದ ನಡೆದಿದೆ? ನನ್ನ ತೋಟದಲ್ಲಿ ಮಾಡಬಹುದೇ? ಮೂರಕ್ಕೂ ಉತ್ತರ ಸಿಕ್ಕಿದ್ದನ್ನು ಡೈರಿಯಲ್ಲಿ ಬರೆದಿಡುತ್ತೇನೆ.

ಮಗ ಇನ್ನೂ ತೀರ್ಮಾನ ಮಾಡಿಲ್ಲ. ಆದರೆ ಆನೆ ಸಂದೇಶ ಬಂದ ಕೂಡಲೇ ಲೈನಿನ ಮನೆಗಳಿಗೆಲ್ಲ ಫೋನ್ ಮಾಡುವವನು ಈಗ ಅವನೇ.

ನಿಮ್ಮೂರಿನಲ್ಲಿ ಇಂಥದ್ದೇನು ನಡೆದಿದೆ? ಒಂದು ಕಾರ್ಡು ಬರೀರಿ.