ಸ್ಪ್ರಿಂಗ್ ಬದಲಿಸಿದರೆ ಕಾರು ತಗ್ಗುವುದೇಕೆ?



ಮಲ್ಲಿಪಟ್ಟಣದ ರಸ್ತೆ ಬದಿಯಲ್ಲಿ ಆಲೂಗಡ್ಡೆ ಮೂಟೆ ಹೇರಿದ ಲಾರಿ ನಿಂತಿದ್ದರೆ, ದೂರದಿಂದಲೇ ಅದರ ಹಿಂದಿನ ಚಕ್ರದ ಮೇಲ್ಭಾಗವನ್ನು ಗಮನಿಸಿ. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದ ಕಟ್ಟು ಅಲ್ಲಿ ಕಾಣುತ್ತದೆ. ಅದೇ ಕಮಾನು. ಮೂಟೆ ತುಂಬಿದಾಗ ಕಮಾನಿನ ಬಾಗು ಕಡಿಮೆಯಾಗಿ ಲಾರಿಯ ಮೈ ಕೆಳಗಿಳಿಯುತ್ತದೆ. ಮೂಟೆ ಇಳಿಸಿದರೆ ಮತ್ತೆ ಮೇಲೇಳುತ್ತದೆ.

ಕಾರುಗಳಲ್ಲಿ ಸಾಮಾನ್ಯವಾಗಿ ಸುರುಳಿ ಸ್ಪ್ರಿಂಗ್ ಇರುತ್ತದೆ. ಇದರ ಕೆಲಸವೂ ಅದೇ. ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಸ್ಪ್ರಿಂಗ್ ಕುಗ್ಗಿ, ಕುಲುಕಾಟ ಒಳಗೆ ಕುಳಿತವರಿಗೆ ಪೂರ್ತಿಯಾಗಿ ತಲುಪದಂತೆ ತಡೆಯುತ್ತದೆ. ಸ್ಪ್ರಿಂಗ್ ಇಲ್ಲದ ಎತ್ತಿನ ಗಾಡಿಯಲ್ಲಿ ಕುಳಿತವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು!

ಕೆಲವರು ತಮ್ಮ ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗ್ ತೆಗೆದು ಬೇರೆ ಸ್ಪ್ರಿಂಗ್ ಹಾಕಿ, ಕಾರನ್ನು ಎರಡು ಮೂರು ಸೆಂಟಿಮೀಟರ್ ತಗ್ಗಿಸುತ್ತಾರೆ. ಏಕಿರಬಹುದು? ಅದರಿಂದ ಲಾಭವೇನು, ನಷ್ಟವೇನು? ಬನ್ನಿ, ತಿಳಿಯೋಣ.

ಮಾಡಿ ನೋಡಿ

ಎರಡು ತುಂಬಿದ ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಒಂದನ್ನು ಸ್ಲೇಟಿನ ಮೇಲೆ ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಮಲಗಿಸಿ. ಸ್ಲೇಟಿನ ಒಂದು ಬದಿಯನ್ನು ನಿಧಾನವಾಗಿ ಎತ್ತಿ. ಯಾವುದು ಮೊದಲು ಉರುಳಿತು? ನಿಂತಿರುವುದೇ ಅಲ್ಲವೇ? ವಸ್ತುವಿನ ಭಾರವೆಲ್ಲ ಒಂದೆಡೆ ಸೇರಿದಂತೆ ವರ್ತಿಸುವ ಬಿಂದುವೇ ಗುರುತ್ವ ಕೇಂದ್ರ. ಅದು ಮೇಲಿದ್ದಷ್ಟೂ ವಸ್ತು ಬೇಗ ಉರುಳುತ್ತದೆ. ಎತ್ತರಕ್ಕೆ ಹುಲ್ಲು ಹೇರಿದ ಗಾಡಿಯನ್ನು ಓರೆ ದಾರಿಯಲ್ಲಿ ಎಚ್ಚರದಿಂದ ಹೊಡೆಯುವುದು ಇದಕ್ಕಾಗಿಯೇ.

ತಿರುವಿನಲ್ಲಿ ಏನಾಗುತ್ತದೆ?

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬಸ್ಸು ಎಡಕ್ಕೆ ತಿರುಗಿದರೆ ನೀವು ಬಲಕ್ಕೆ ವಾಲುತ್ತೀರಿ. ಬಸ್ಸಿನ ಮೈಯೂ ವಾಲುತ್ತದೆ. ಒಳಬದಿಯ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ, ಹೊರಬದಿಯ ಚಕ್ರಗಳ ಮೇಲೆ ಹೆಚ್ಚುತ್ತದೆ. ಹೀಗೆ ಸರಿಯುವ ಭಾರ ಗುರುತ್ವ ಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಆ ಎತ್ತರ 50 ಸೆಂ.ಮೀ.ನಿಂದ 48 ಸೆಂ.ಮೀ.ಗೆ ಇಳಿದರೆ, ಸರಿಯುವ ಭಾರ ನೂರಕ್ಕೆ 4ರಷ್ಟು ಕಡಿಮೆಯಾಗುತ್ತದೆ. ಲಾಭ ದೊಡ್ಡದೇನಲ್ಲ. ಓಟದ ಸ್ಪರ್ಧೆಯಲ್ಲಿ ಮಾತ್ರ ಅಷ್ಟೂ ಮುಖ್ಯವಾಗಬಹುದು.

ಹುಕ್ ಹೇಳಿದ ನಿಯಮ

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಸ್ಪ್ರಿಂಗಿನ ನಿಯಮವನ್ನು 1676ರಲ್ಲಿ ಒಗಟಿನಂತೆ, ಅಕ್ಷರಗಳನ್ನು ಅದಲುಬದಲು ಮಾಡಿ ಪ್ರಕಟಿಸಿದ. 1678ರಲ್ಲಿ ಅದರ ಅರ್ಥ ಬಿಡಿಸಿ ಹೇಳಿದ. ಸ್ಪ್ರಿಂಗಿನ ಮೇಲೆ ಬಲ ಎಷ್ಟು ಪಟ್ಟು ಹೆಚ್ಚುತ್ತದೋ, ಅದು ಹಿಗ್ಗುವ ಅಥವಾ ಕುಗ್ಗುವ ಅಳತೆಯೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಬಲ ಮಿತಿಮೀರಬಾರದು, ಅಷ್ಟೆ.

ಈಗ ಒಂದು ಲೆಕ್ಕ. ಒಂದು ಸ್ಪ್ರಿಂಗ್ 1 ಸೆಂ.ಮೀ. ಕುಗ್ಗಲು 20 ಕಿಲೋಗ್ರಾಂ ಭಾರ ಬೇಕು ಎಂದುಕೊಳ್ಳಿ. ಅದರ ಉದ್ದ 40 ಸೆಂ.ಮೀ. ಕಾರಿನ 300 ಕಿಲೋಗ್ರಾಂ ಭಾರ ಅದರ ಮೇಲೆ ಕುಳಿತರೆ 15 ಸೆಂ.ಮೀ. ಕುಗ್ಗಿ 25 ಸೆಂ.ಮೀ. ಆಗುತ್ತದೆ. ಕಾರು 2 ಸೆಂ.ಮೀ. ತಗ್ಗಬೇಕಾದರೆ ಇದು 23 ಸೆಂ.ಮೀ.ಗೆ ಇಳಿಯಬೇಕು.

ಹಾಗಾದರೆ ಮೆದು ಸ್ಪ್ರಿಂಗ್ ಹಾಕಿದರೆ ಸಾಕಲ್ಲವೇ? ಸಾಲದು! ಕಾರು ತಗ್ಗಿದ ಮೇಲೆ ಸ್ಪ್ರಿಂಗ್ ಇನ್ನಷ್ಟು ಕುಗ್ಗಲು ಇರುವ ಜಾಗವೂ ಕಡಿಮೆಯಾಗುತ್ತದೆ. ಮೊದಲು 10 ಸೆಂ.ಮೀ. ಜಾಗವಿತ್ತು ಎನ್ನೋಣ. ಅಷ್ಟನ್ನೂ ಮುಗಿಸಲು 10 × 20 = 200 ಕಿಲೋಗ್ರಾಂ ಹೆಚ್ಚುವರಿ ಭಾರ ಬೇಕಿತ್ತು. ಈಗ ಉಳಿದಿರುವುದು 8 ಸೆಂ.ಮೀ. ಮಾತ್ರ. ಅದೇ 200 ಕಿಲೋಗ್ರಾಂ ತಡೆಯಬೇಕಾದರೆ, ಸ್ಪ್ರಿಂಗ್ ಸೆಂ.ಮೀ.ಗೆ 25 ಕಿಲೋಗ್ರಾಂ ತಡೆಯುವಷ್ಟು ಗಟ್ಟಿಯಾಗಿರಬೇಕು.

ಗಟ್ಟಿ ಸ್ಪ್ರಿಂಗ್ 300 ಕಿಲೋಗ್ರಾಂಗೆ ಕುಗ್ಗುವುದು 12 ಸೆಂ.ಮೀ. ಮಾತ್ರ. ಆದ್ದರಿಂದ ಅದರ ಉದ್ದ 23 + 12 = 35 ಸೆಂ.ಮೀ. ಇರಬೇಕು. ಕಾರು ತಗ್ಗಿದ್ದು 2 ಸೆಂ.ಮೀ., ಸ್ಪ್ರಿಂಗ್ ಗಿಡ್ಡವಾಗಿದ್ದು 5 ಸೆಂ.ಮೀ.! ಗಿಡ್ಡವೂ ಗಟ್ಟಿಯೂ ಆದ ಸ್ಪ್ರಿಂಗ್ ಬೇಕು ಎಂಬುದೇ ಇದರ ಗುಟ್ಟು. ತಿರುವಿನಲ್ಲಿ ಕಾರಿನ ಮೈ ಕಡಿಮೆ ವಾಲುವುದಕ್ಕೂ ಈ ಗಟ್ಟಿತನವೇ ಮುಖ್ಯ ಕಾರಣ.

ನಷ್ಟವೇನು?

ಚಕ್ರ 2 ಸೆಂ.ಮೀ. ಕಲ್ಲಿನ ಮೇಲೆ ಹತ್ತಿತು ಎನ್ನಿ. ಹಳೆಯ ಸ್ಪ್ರಿಂಗ್ ಕಾರಿನ ಮೈಯನ್ನು 40 ಕಿಲೋಗ್ರಾಂ ಬಲದಿಂದ ಹೆಚ್ಚಾಗಿ ತಳ್ಳಿದರೆ, ಹೊಸದು 50 ಕಿಲೋಗ್ರಾಂ ಬಲದಿಂದ ತಳ್ಳುತ್ತದೆ. ಕುಲುಕಾಟ ಹೆಚ್ಚುತ್ತದೆ.

ರಸ್ತೆ ಉಬ್ಬಿನ ಮಾತೂ ಇದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ತಕ್ಕ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಇದಕ್ಕಿಂತ ಎತ್ತರವಾದ, ಕಡಿದಾದ ಉಬ್ಬು ಎದುರಾದರೆ? ತಗ್ಗಿಸಿದ ಕಾರಿನ ಹೊಟ್ಟೆ ನೆಲಕ್ಕೆ ತಗುಲುತ್ತದೆ. ಕೆಳಭಾಗದ ಎಣ್ಣೆ ತೊಟ್ಟಿಗೆ ಏಟು ಬಿದ್ದರೆ ಎಂಜಿನ್ನೇ ಕೆಡಬಹುದು.

ಕೆಲವರು ಹೊಸ ಸ್ಪ್ರಿಂಗ್ ಕೊಳ್ಳದೆ ಇದ್ದ ಸ್ಪ್ರಿಂಗಿನ ಒಂದು ಸುತ್ತನ್ನೇ ಕತ್ತರಿಸುತ್ತಾರೆ. ಇದು ಅಪಾಯ. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾರಬಹುದು. ವಾಹನವನ್ನು ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ನಿರ್ಬಂಧವೂ ಇದೆ.

ನೋಡಿದಿರಾ? ಒಂದು ಸ್ಪ್ರಿಂಗ್ ಬದಲಾದರೆ ಎತ್ತರ, ವಾಲುವಿಕೆ, ಕುಲುಕಾಟ, ಸುರಕ್ಷತೆ ಎಲ್ಲವೂ ಬದಲಾಗುತ್ತವೆ. ನುಣುಪಾದ ಓಟದ ಹಾದಿಗೆ ತಗ್ಗಿದ ಕಾರು ಒಪ್ಪುತ್ತದೆ. ನಮ್ಮ ಹಳ್ಳಿಯ ಹಾದಿಗೆ ಎತ್ತರದ, ಮೆದು ಸ್ಪ್ರಿಂಗಿನ ವಾಹನವೇ ವಾಸಿ.

ಯೋಚಿಸಿ: ಮೇಲಿನ ಲೆಕ್ಕದಲ್ಲಿ ಕಾರನ್ನು 5 ಸೆಂ.ಮೀ. ತಗ್ಗಿಸಬೇಕಾದರೆ ಸ್ಪ್ರಿಂಗ್ ಎಷ್ಟು ಗಟ್ಟಿಯಾಗಿರಬೇಕು? ಅದರ ಉದ್ದ ಎಷ್ಟಿರಬೇಕು? ಲೆಕ್ಕ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ.