ನೀವುವ ಕೈ, ಮಾಯುವ ಮೈ

ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಕೊಂಡ ಬಾಗಿಲ ಚೌಕಟ್ಟನ್ನು ಬಂಡಿಗೇರಿಸುವಾಗ ಸೊಂಟಕ್ಕೆ ಚಳಕು ಹಿಡಿಸಿಕೊಂಡವರಿಗೂ, ಬನಶಂಕರಿಯ ಗುಡಿಯ ಮುಂದಿನ ಹರಿದ್ರಾತೀರ್ಥದ ಪಾವಟಿಗೆಯಲ್ಲಿ ಜಾರಿ ಕಾಲು ಉಳುಕಿಸಿಕೊಂಡವರಿಗೂ ಚೊಳಚಗುಡ್ಡದ ಸೀಮೆಯಲ್ಲಿ ದೊರೆಯುವ ಮೊದಲನೆಯ ಉಪದೇಶವು ಒಂದೇ: ‘ಎಣ್ಣಿ ಹಚ್ಚಿ ತಿಕ್ಕಸ್ರಿ, ನೆಟ್ಟಗಾಗ್ತದ.’ ಈ ಮಾತಿನಲ್ಲಿ ತಲೆಮಾರುಗಳ ಅನುಭವವೂ ಇದೆ, ಅರ್ಧಸತ್ಯದ ಅಪಾಯವೂ ಇದೆ. ಆದುದರಿಂದ ನುರಿತ ಕೈಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದು ಎಂಬುದನ್ನು ವಿವೇಚಿಸುವುದು ಉಚಿತವಾದೀತು.

ದೇಹವನ್ನು ಚಲಿಸುವ ಸ್ನಾಯು, ಸ್ನಾಯುವನ್ನು ಎಲುಬಿಗೆ ಬಿಗಿಯುವ ಕಂಡರ, ಎಲುಬಿಗೆ ಎಲುಬನ್ನು ಕಟ್ಟುವ ಅಸ್ಥಿಬಂಧ, ಇವನ್ನೆಲ್ಲ ಆವರಿಸಿದ ಪೊರೆ, ಇವುಗಳನ್ನು ಮೃದು ಅಂಗಾಂಶಗಳೆಂದು ಕರೆಯುತ್ತಾರೆ. ಇಳಕಲ್ಲ ಸೀರೆಯನ್ನು ಬಲ್ಲವರಿಗೆ ಇವುಗಳ ರಚನೆಯನ್ನು ತಿಳಿಸುವುದು ಸುಲಭ: ಬೇರೆಬೇರೆಯಾದ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ನೇಕಾರನು ಟೋಪ್ ತೆನಿಯ ಕೊಂಡಿಗಳಿಂದ ಎಳೆಗೆ ಎಳೆಯನ್ನು ಸಿಕ್ಕಿಸಿ ಒಂದಾಗಿಸುವಂತೆ, ಹಿಗ್ಗಿ ಕುಗ್ಗುವ ಸ್ನಾಯುವು ಹುರಿಗಟ್ಟಿದ ಕಂಡರದೊಡನೆ ಎಳೆಯೆಳೆಯಾಗಿ ಬೆಸೆದುಕೊಂಡಿರುತ್ತದೆ, ಹಠಾತ್ತಾಗಿ ಜಗ್ಗಿದಾಗ ಸ್ನಾಯು ಹೆಚ್ಚಾಗಿ ಹರಿಯುವುದು ಈ ಸಂಧಿಸ್ಥಾನದಲ್ಲಿಯೇ. ಕಾಲು ಉಳುಕಿದಾಗಲಾದರೋ ಪೆಟ್ಟು ತಿನ್ನುವುದು ಅಸ್ಥಿಬಂಧ. ‘ನರ ಸರದೈತಿ’ ಎಂಬ ರೂಢಿಯ ಮಾತು ನೋವನ್ನು ಸರಿಯಾಗಿ ಸೂಚಿಸಿದರೂ ಕಾರಣವನ್ನು ಸರಿಯಾಗಿ ಸೂಚಿಸುವುದಿಲ್ಲ. ಸರಿದುದನ್ನು ಕೂಡ್ರಿಸುವುದಲ್ಲ, ಹರಿದುದು ಕೂಡುವಂತೆ ಕಾಯುವುದೇ ಇಲ್ಲಿ ಆಗಬೇಕಾದ ಕೆಲಸ.

ಕೂಡಿಸುವ ಕಾರ್ಯವನ್ನು ದೇಹವೇ ಮಾಡಿಕೊಳ್ಳುತ್ತದೆ. ಮೊದಲ ಕೆಲವು ದಿನಗಳ ಬಾವು ಇಳಿದ ತರುವಾಯ, ವಾರಗಟ್ಟಲೆ ಕೊಲಾಜೆನ್ನಿನ ಹೊಸ ಎಳೆಗಳು ಅಡ್ಡಾದಿಡ್ಡಿಯಾಗಿ ಹುಟ್ಟಿಕೊಂಡು, ಅನಂತರ ತಿಂಗಳುಗಟ್ಟಲೆ ಚಲನೆಯ ಸೆಳೆತಕ್ಕೆ ಅನುಗುಣವಾಗಿ ಸಾಲುಗೂಡುತ್ತ ಬಲಗೊಳ್ಳುತ್ತವೆ. ಈ ಕಾಲಕ್ರಮವನ್ನು ಯಾವ ಕೈಯೂ ಒಂದೇ ದಿನಕ್ಕೆ ಇಳಿಸಲಾರದು.

ಹಾಗಾದರೆ ನೀವಿಸಿಕೊಂಡೊಡನೆ ಹಾಯೆನಿಸುವುದೇಕೆ? ಸ್ಪರ್ಶದ ಸಂದೇಶಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳ ದಾರಿಯನ್ನು ಕಿರಿದುಗೊಳಿಸುತ್ತವೆಂದು ಮೆಲ್ಜ಼ಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ‘ದ್ವಾರ ಸಿದ್ಧಾಂತ’ವನ್ನು ಮಂಡಿಸಿದರು, ಮೊಣಕೈ ತಾಗಿದೊಡನೆ ನಾವು ಅರಿಯದೆಯೇ ಅದನ್ನು ಉಜ್ಜಿಕೊಳ್ಳುವುದರ ಮರ್ಮವೂ ಇದೇ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 11 ಮಂದಿ ತರುಣರು ದಣಿಯುವವರೆಗೆ ವ್ಯಾಯಾಮ ಮಾಡಿದ ಬಳಿಕ ಒಂದು ಕಾಲನ್ನು ಮಾತ್ರ 10 ನಿಮಿಷ ನೀವಿ, ಎರಡೂ ತೊಡೆಗಳ ಸ್ನಾಯುವಿನ ತುಣುಕನ್ನು ತೆಗೆದು ಪರೀಕ್ಷಿಸಿದಾಗ, ನೀವಿದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಕಡಿಮೆಯಾಗಿದ್ದವು. ಆದರೆ ‘ಸೇರಿಕೊಂಡ ಲ್ಯಾಕ್ಟಿಕ್ ಆಮ್ಲ ಹೊರಬೀಳುತ್ತದೆ’ ಎಂಬ ಪ್ರಚಲಿತ ನಂಬಿಕೆಗೆ ಅಲ್ಲಿ ಆಧಾರ ದೊರೆಯಲಿಲ್ಲ.

ಬಲ್ಲ ಚಿಕಿತ್ಸಕನು ಬಂದವರನ್ನು ಕೂಡಲೇ ತಿಕ್ಕಲು ತೊಡಗುವುದಿಲ್ಲ. ಪೆಟ್ಟು ಹೇಗಾಯಿತೆಂದು ಕೇಳಿ, ಕೀಲನ್ನು ಆಡಿಸಿ ನೋಡಿ, ಬೆರಳ ತುದಿಯಿಂದ ಬಿಗುವನ್ನೂ ಬಿಸಿಯನ್ನೂ ಅರಿತು, ಅನಂತರವೇ ಹಗುರವಾಗಿ ಆರಂಭಿಸಿ, ರೋಗಿಯ ಮುಖವನ್ನು ನೋಡುತ್ತ ಒತ್ತಡವನ್ನು ಹೆಚ್ಚಿಸುತ್ತಾನೆ. ಮರುದಿನ ಕೊಂಚ ಮೈನೋವು ಸಹಜ. ಚೀರುವಷ್ಟು ನೋವಾದರೆ ಮಾತ್ರ ಗುಣವೆಂಬ ಗರಡಿಯ ಮಾತು ಸರಿಯಲ್ಲ. ಕುಣಿಮಗ್ಗದಲ್ಲಿ ದಿನವಿಡೀ ಬಾಗಿ ಕೂಡುವ ನೇಕಾರನ ಹೆಗಲ ಬಿಗಿ ಅರ್ಧ ತಾಸಿನ ಅಂಗಮರ್ದನದಿಂದ ಸಡಿಲವಾದೀತು. ಆದರೆ ಆ ನೆಮ್ಮದಿಯ ಅವಧಿಯಲ್ಲಿ ವ್ಯಾಯಾಮ ಮಾಡಿ, ಕೂಡುವ ಕ್ರಮವನ್ನು ತಿದ್ದಿಕೊಳ್ಳದಿದ್ದರೆ ಬಿಗಿ ಮರಳುತ್ತದೆ. ಕೈಯ ಚಿಕಿತ್ಸೆಯು ಚಲನೆಗೆ ದಾರಿ ಬಿಡಿಸಿಕೊಡುತ್ತದೆಯೇ ಹೊರತು ಚಲನೆಯ ಸ್ಥಾನವನ್ನು ತಾನೇ ತುಂಬಲಾರದು.

ಕೈ ಹಚ್ಚಲೇಬಾರದ ಸಂದರ್ಭಗಳೂ ಉಂಟು. ತೊಡೆಗೆ ಬಲವಾದ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿರುವ ಆರಂಭದ ದಿನಗಳಲ್ಲಿ ಗಟ್ಟಿಯಾಗಿ ತಿಕ್ಕಿದರೆ ಸ್ನಾಯುವಿನೊಳಗೆ ಎಲುಬು ಬೆಳೆಯುವ ಸಂಭವವಿದೆ. ಕಾಲು ಉಳುಕಿದ ಬಳಿಕ ನಾಲ್ಕು ಹೆಜ್ಜೆಯನ್ನೂ ಊರಿ ನಡೆಯಲಾಗದಿದ್ದರೆ ಎಲುಬು ಮುರಿದಿರಬಹುದು. ಪೆಟ್ಟಿಲ್ಲದೆಯೇ ಒಂದು ಮೀನಖಂಡವು ಬಾತು ಬಿಸಿಯೇರಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಗಡ್ಡೆಯಿದ್ದು, ತಿಕ್ಕಿದಾಗ ಅದು ಕಳಚಿ ಶ್ವಾಸಕೋಶವನ್ನು ಸೇರಬಹುದು. ಇಂತಹ ಲಕ್ಷಣಗಳು ಕಂಡಾಗ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಮೊದಲು ವೈದ್ಯರಲ್ಲಿಗೆ ಹೋಗತಕ್ಕದ್ದು.